ಎರೆ ಹೊಲದ ನೀಲಕಂಠ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆ ಹೊಲಗಳ ನಡುವೆ ಸಾಗುವ ರಸ್ತೆಯಲ್ಲಿ ತಲೆ ಎತ್ತಿ ನೋಡಿದರೆ ವಿದ್ಯುತ್ ತಂತಿಯ ಮೇಲೆ ಮಂಕು ಕಂದು ಬಣ್ಣದ ಹಕ್ಕಿಯೊಂದು ಕೂತಿರುತ್ತದೆ. ಮಿಡತೆ ಕಂಡು ಕೆಳಗೆ ಹಾರಿತೆಂದರೆ ರೆಕ್ಕೆಯ ಕಡುನೀಲಿ, ತಿಳಿನೀಲಿ ಪಟ್ಟೆಗಳು ಒಮ್ಮೆಲೇ ತೆರೆದುಕೊಳ್ಳುತ್ತವೆ. ಇದೇ ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ.



ಆ ನೀಲಿಯೇ ಹಕ್ಕಿಗೆ ಮುಳುವೂ ಆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಹೆಂಗಸರ ಟೋಪಿಗಳಿಗೆ ಗರಿ ಸಿಕ್ಕಿಸುವ ಷೋಕಿ ಜೋರಾಗಿತ್ತು. ಭಾರತದಿಂದ ಮಿಂಚುಳ್ಳಿ, ನೀಲಕಂಠಗಳ ಚರ್ಮ, ಗರಿಗಳು ಹಡಗು ಹತ್ತಿದವು. 1902ರಲ್ಲಿ ಬ್ರಿಟಿಷ್ ಸರ್ಕಾರ ಕಾಡುಹಕ್ಕಿಗಳ ಗರಿ ರಫ್ತನ್ನು ನಿಷೇಧಿಸಿತು, ಕಳ್ಳಸಾಗಣೆ ನಿಲ್ಲಲಿಲ್ಲ. 1921ರಲ್ಲಿ ಬ್ರಿಟನ್ ಆಮದಿಗೂ ತಡೆ ಹಾಕಿತು.

ಇತ್ತ ದಸರೆಯಂದು ನೀಲಕಂಠ ಕಂಡರೆ ಶುಭವೆಂಬ ನಂಬಿಕೆ ದೇಶದ ಹಲವೆಡೆ ಬೆಳೆದಿತ್ತು. ದರ್ಶನಕ್ಕೆಂದೇ ಹಕ್ಕಿ ಹಿಡಿದು ಪಂಜರದಲ್ಲಿಟ್ಟು ತೋರಿಸುವವರೂ ಹುಟ್ಟಿಕೊಂಡರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಅಪರಾಧವಾಗಿಸಿತು.

ವಿಜಯಪುರ ಜಿಲ್ಲೆಯಲ್ಲಿ ಬದಲಾವಣೆ ನೀರಿನಿಂದ ಬಂತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲಿಟ್ಟರು. ಮುಂದೆ ಕೃಷ್ಣೆಯ ಕಾಲುವೆಗಳು ಹರಿದಲ್ಲೆಲ್ಲ ಬಿಳಿಜೋಳದ ಜಾಗಕ್ಕೆ ಕಬ್ಬು ಬಂತು. ನೀಲಕಂಠಕ್ಕೆ ಬೇಕಾದದ್ದು ಬಯಲು ನೆಲ, ಕೀಟ, ಗೂಡಿಗೆ ಪೊಟರೆಯಿರುವ ಹಳೆಯ ಮರ. ಎತ್ತರದ ಕಬ್ಬಿನಲ್ಲಿ ಅದಕ್ಕೆ ಬೇಟೆ ಕಾಣದು; ಕೀಟನಾಶಕ ಹೊಡೆದ ಹೊಲದಲ್ಲಿ ಬೇಟೆಯೇ ಇರದು.

2023ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ನೀಲಕಂಠದ ಇಳಿಕೆಯನ್ನು ಗುರುತಿಸಿ, ಅದರ ಅಪಾಯದ ಮಟ್ಟವನ್ನು ಮರುಪರಿಶೀಲಿಸಬೇಕೆಂದು ಶಿಫಾರಸು ಮಾಡಿದೆ.