ಅಗೆಯದೆ ಕಂಡ ನಗರ: ಫಲೇರಿ ನೋವಿ ಮತ್ತು ಆದಿ ಧರ್ಮಸಭೆಯ ಇತಿಹಾಸ

ರೋಮ್ ನಗರದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಫಲೇರಿ ನೋವಿ ಎಂಬ ಪ್ರಾಚೀನ ನಗರದ ನೆಲೆಯಿದೆ. ಕ್ರಿ.ಪೂ. 241ರಲ್ಲಿ ದಂಗೆಯೆದ್ದ ಫಲಿಸ್ಕನ್ ಜನರನ್ನು ರೋಮನ್ನರು ಸದೆಬಡಿದ ಬಳಿಕ ಈ ಹೊಸ ನಗರ ತಲೆಯೆತ್ತಿತು. ಮಧ್ಯಯುಗದ ಆರಂಭಕಾಲದಲ್ಲಿ ಬರಿದಾಯಿತು. ಇಂದು ಕೋಟೆಗೋಡೆಯೊಳಗಿನ 30.5 ಹೆಕ್ಟೇರ್ ನೆಲ ಬಹುಮಟ್ಟಿಗೆ ಹೊಲವಾಗಿದೆ. ಸಿಸ್ಟರ್ಸಿಯನ್ ಸಂನ್ಯಾಸಿಗಳಿದ್ದ, 12ನೇ ಶತಮಾನದ ಸಂತ ಮರಿಯಮ್ಮನವರ ದೇವಾಲಯವೊಂದು ಅಲ್ಲಿ ಉಳಿದುನಿಂತಿದೆ.

1990ರ ದಶಕದಲ್ಲಿ ನೆಲದ ಕಾಂತೀಯ ವ್ಯತ್ಯಾಸಗಳನ್ನು ಅಳೆದು ನಗರದ ಮೊದಲ ನಕ್ಷೆಯನ್ನು ರಚಿಸಲಾಯಿತು. ಆ ಬಳಿಕ ಕೇಂಬ್ರಿಜ್ ಮತ್ತು ಗೆಂಟ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಭೂಭೇದಕ ರೇಡಾರ್ ಬಳಸಿ ಇಡೀ ನಗರವನ್ನು ಪರಿಶೀಲಿಸಿ, 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೆಲದೊಳಕ್ಕೆ ಕಳುಹಿಸಿದ ರೇಡಿಯೋ ತರಂಗಗಳು ಹೂತ ಗೋಡೆಗಳಿಗೆ ತಾಗಿ ಹಿಂದಿರುಗುತ್ತವೆ. ಹಿಂದಿರುಗಲು ತಗಲುವ ಕಾಲದಿಂದ ಆಳವನ್ನು ಲೆಕ್ಕಹಾಕಬಹುದು. ಹೀಗೆ ಸ್ನಾನಗೃಹ, ಮಾರುಕಟ್ಟೆ, ಗುಡಿ, ಮನೆಗಳ ಕೆಳಗೆ ಹಾದುಹೋದ ನೀರಿನ ಕೊಳವೆಗಳು, ಉತ್ತರ ದ್ವಾರದ ಬಳಿಯ ಬೃಹತ್ ಸ್ಮಾರಕ, ಎಲ್ಲವೂ ಒಂದು ಗುದ್ದಲಿಯೂ ತಾಗದೆ ಗೋಚರಿಸಿದವು.

ಧರ್ಮಸಭೆಯ ಇತಿಹಾಸಕಾರನಿಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ: ಇಂಥ ನಕ್ಷೆಯಲ್ಲಿ ಆದಿ ಕ್ರೈಸ್ತರನ್ನು ಗುರುತಿಸಲು ಸಾಧ್ಯವೇ? ಸಂತ ಪೌಲರು ರೋಮನ್ನರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಪ್ರಿಸ್ಕ ಮತ್ತು ಅಕ್ವಿಲರ ಮನೆಯಲ್ಲಿ ಸೇರುತ್ತಿದ್ದ ಸಭೆಯನ್ನು ವಂದಿಸುತ್ತಾರೆ. ಮನೆಯಲ್ಲಿ ಕೂಡಿದ ಸಭೆ ಮನೆಯ ಗೋಡೆಗಳನ್ನಷ್ಟೇ ಬಿಟ್ಟುಹೋಗುತ್ತದೆ. ಸಿರಿಯಾದ ದುರಾ ಯುರೋಪೋಸ್‌ನಲ್ಲಿ ಮೂರನೆಯ ಶತಮಾನದ ಸಾಧಾರಣ ಮನೆಯೊಂದು ದೇವಾರಾಧನೆಯ ಸ್ಥಳವಾಗಿತ್ತು. ಎರಡು ಕೋಣೆಗಳ ನಡುವಣ ಗೋಡೆ ತೆಗೆದು ಸಭಾಂಗಣ ಮಾಡಿದ್ದನ್ನು ರೇಡಾರ್ ತೋರಿಸಬಹುದಿತ್ತೇನೋ. ಆದರೆ ಸ್ನಾನದೀಕ್ಷೆಯ ಕೋಣೆಯಲ್ಲಿದ್ದ ಒಳ್ಳೆಯ ಕುರುಬನ ಚಿತ್ರವನ್ನು ಅದು ತೋರಿಸಲಾರದು. ಅದು ಉತ್ಖನನದಿಂದ ಮಾತ್ರ ಬೆಳಕಿಗೆ ಬಂತು.

ಆದುದರಿಂದ ಕ್ರೈಸ್ತ ಕುರುಹು ಕಾಣಲಿಲ್ಲವೆಂದು ವಿಶ್ವಾಸಿಗಳೇ ಇರಲಿಲ್ಲವೆನ್ನುವುದು ಎಷ್ಟು ಅವಸರದ ಮಾತೋ, ದೊಡ್ಡ ಕೋಣೆ ಕಂಡೊಡನೆ ಅದನ್ನು ಆರಾಧನಾ ಸ್ಥಳವೆಂದು ಸಾರುವುದೂ ಅಷ್ಟೇ ಅವಸರದ್ದು. ಎರಡನೆಯ ತಪ್ಪಿಗೆ ಭಕ್ತಿಯ ಬೆಂಬಲವಿರುವುದರಿಂದ ಅದು ನಮಗೆ ಹೆಚ್ಚು ಅಪಾಯಕಾರಿ. ಒಮ್ಮೆ ಅಗೆದ ಪದರವನ್ನು ಮತ್ತೆ ಮೊದಲಿನಂತೆ ಜೋಡಿಸಲಾಗದು. ಎಲ್ಲಿ ಅಗೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ರೇಡಾರ್ ನಕ್ಷೆ ತಿಳಿಸುತ್ತದೆ. ಆದಿ ಧರ್ಮಸಭೆ ತನಗಾಗಿ ಪ್ರತ್ಯೇಕ ಕಟ್ಟಡಗಳನ್ನು ಬಯಸದೆ ನೆರೆಹೊರೆಯವರಂಥದೇ ಮನೆಗಳಲ್ಲಿ ಬಾಳಿತು. ಆ ನಕ್ಷೆಯ ಮೌನವನ್ನು ನಾವು ಓದಬೇಕಾದದ್ದು ಈ ಅರಿವಿನಿಂದ.