ಬೇಡ್ತಿಯ ಲೆಕ್ಕ, ಹೊಗೆಯ ಬೆಲೆ

ಮಂಚಿಕೇರಿ ಸೀಮೆಯ ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ, 1981ರಲ್ಲಿ ಶಿರಸಿಯಲ್ಲಿ ನಡೆದ ವಿಚಾರಸಂಕಿರಣವು ಅದರ ಲಾಭನಷ್ಟಗಳನ್ನು ಮರಳಿ ತೂಗಿತು. ಮುಳುಗಲಿದ್ದ ಕಾಡು, ಅಡಕೆ ತೋಟಗಳ ನಷ್ಟವನ್ನೂ ಖರ್ಚಿನ ಬದಿಗೆ ಬರೆಯಬೇಕೆಂಬುದು ತೋಟಿಗರ ವಾದ. ಯೋಜನೆ ನಿಂತಿತು.

ಇಂಗಾಲದ ಹೊಗೆಗೆ ಬೆಲೆ ಕಟ್ಟುವುದರ ತಿರುಳೂ ಇದೇ: ಅನ್ಯರು ಹೊರುವ ನಷ್ಟವನ್ನು ಲಾಭ ಪಡೆದವನ ಖಾತೆಗೇ ಬರೆಯುವುದು. ಭಾರತವು 2010ರಲ್ಲಿ ಕಲ್ಲಿದ್ದಲಿನ ಟನ್ನಿಗೆ 50 ರೂಪಾಯಿ ಕರ ವಿಧಿಸಿತು. 2016ರಲ್ಲಿ ಅದು 400 ಆಯಿತು. ವಸೂಲಿ ಸುಲಭ, ವಿನಿಯೋಗವೇ ಕಠಿನ. ಶುದ್ಧ ಇಂಧನಕ್ಕೆಂದು ಆರಂಭವಾದ ಈ ಕರದ ಹಣವು, 2017ರಲ್ಲಿ ಜಿಎಸ್‌ಟಿ ಬಂದ ಮೇಲೆ, ರಾಜ್ಯಗಳ ತೆರಿಗೆ ಖೋತಾ ತುಂಬಲು ಹೋಯಿತು. ಮುಡಿಪಿನ ಹಣವನ್ನು ಬೇರೆ ಖಾತೆಗೆ ತಿರುಗಿಸಿದ ಧರ್ಮದರ್ಶಿಯನ್ನು ಬಸದಿಯ ಲೆಕ್ಕಪರಿಶೋಧಕನು ಸುಮ್ಮನೆ ಬಿಟ್ಟಾನೆಯೇ? 2025ರ ಸೆಪ್ಟೆಂಬರಿನಲ್ಲಿ ಆ ಕರವೂ ರದ್ದಾಗಿ, ಕಲ್ಲಿದ್ದಲಿನ ಜಿಎಸ್‌ಟಿ ಶೇ. 5ರಿಂದ 18ಕ್ಕೆ ಏರಿತು.