ಮುಂಬಯಿ ಉಪನಗರ ರೈಲ್ವೆ

ಮುಂಬಯಿ ಉಪನಗರ ರೈಲ್ವೆಯು ಮಹಾರಾಷ್ಟ್ರದ ರಾಜಧಾನಿ ಮುಂಬಯಿಯನ್ನು ಠಾಣೆ, ಪಾಲ್ಘರ್ ಮತ್ತು ರಾಯಗಡ ಜಿಲ್ಲೆಗಳ ಪಟ್ಟಣಗಳೊಂದಿಗೆ ಜೋಡಿಸುವ ವಿದ್ಯುತ್ ಚಾಲಿತ ರೈಲು ಜಾಲವಾಗಿದೆ. ಜನಬಳಕೆಯಲ್ಲಿ ಇದರ ರೈಲುಗಳನ್ನು "ಲೋಕಲ್" ಎಂದು ಕರೆಯಲಾಗುತ್ತದೆ. ಸುಮಾರು 390 ಕಿ.ಮೀ. ಉದ್ದದ ಈ ಜಾಲವನ್ನು ಪಶ್ಚಿಮ ರೈಲ್ವೆ ಮತ್ತು ಮಧ್ಯ ರೈಲ್ವೆ ವಲಯಗಳು ನಡೆಸುತ್ತವೆ. ಕೋವಿಡ್-19 ಸಾಂಕ್ರಾಮಿಕಕ್ಕೆ ಮೊದಲು ಪ್ರತಿದಿನ ಸುಮಾರು 75 ಲಕ್ಷ ಜನರು ಇದರಲ್ಲಿ ಪ್ರಯಾಣಿಸುತ್ತಿದ್ದರು. ಇದು ಪ್ರಪಂಚದ ಅತ್ಯಂತ ದಟ್ಟಣೆಯ ರೈಲು ವ್ಯವಸ್ಥೆಗಳಲ್ಲಿ ಒಂದಾಗಿದೆ.

ಇತಿಹಾಸ

ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ ಸುಮಾರು 34 ಕಿ.ಮೀ. ದೂರ ಸಂಚರಿಸಿತು. ಇದನ್ನು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿ ನಡೆಸಿತು. ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ ಮತ್ತು ಕುರ್ಲಾ ನಡುವೆ ಹಾರ್ಬರ್ ಮಾರ್ಗದಲ್ಲಿ ಓಡಿತು. ಆಗ ಅಳವಡಿಸಿದ್ದ 1,500 ವೋಲ್ಟ್ ಏಕಮುಖ ವಿದ್ಯುತ್ ವ್ಯವಸ್ಥೆಯನ್ನು ಮುಂದೆ ಹಂತಹಂತವಾಗಿ 25 ಕಿಲೋವೋಲ್ಟ್ ಪರ್ಯಾಯ ವಿದ್ಯುತ್ತಿಗೆ ಬದಲಾಯಿಸಲಾಯಿತು. ಈ ಕಾರ್ಯವು 2016ರಲ್ಲಿ ಪೂರ್ಣಗೊಂಡಿತು. ಜಾಲದ ವಿಸ್ತರಣೆಗಾಗಿ ರೈಲ್ವೆ ಸಚಿವಾಲಯ ಮತ್ತು ಮಹಾರಾಷ್ಟ್ರ ಸರ್ಕಾರಗಳು ಜಂಟಿಯಾಗಿ 1999ರಲ್ಲಿ ಮುಂಬಯಿ ರೈಲ್ವೆ ವಿಕಾಸ ನಿಗಮವನ್ನು ಸ್ಥಾಪಿಸಿದವು.

ಮಾರ್ಗಗಳು

* ಪಶ್ಚಿಮ ಮಾರ್ಗ: ಚರ್ಚ್‌ಗೇಟ್‌ನಿಂದ ದಾದರ್, ಅಂಧೇರಿ, ಬೋರಿವಲಿ ಮತ್ತು ವಿರಾರ್ ಮೂಲಕ ಡಹಾಣು ರೋಡ್‌ವರೆಗೆ. ವಿರಾರ್‌ನಿಂದಾಚೆಗೆ ಲೋಕಲ್ ಸೇವೆ 2013ರಲ್ಲಿ ವಿಸ್ತರಣೆಯಾಯಿತು.
* ಮಧ್ಯ ಮಾರ್ಗ: ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ (ಸಿಎಸ್‌ಎಂಟಿ) ಠಾಣೆಯ ಮೂಲಕ ಕಲ್ಯಾಣದವರೆಗೆ. ಅಲ್ಲಿ ಕವಲೊಡೆದು ಒಂದು ಮಾರ್ಗ ಕಸಾರಾಕ್ಕೂ ಇನ್ನೊಂದು ಕರ್ಜತ್ ಮೂಲಕ ಖೋಪೋಲಿಗೂ ಹೋಗುತ್ತದೆ.
* ಹಾರ್ಬರ್ ಮಾರ್ಗ: ಸಿಎಸ್‌ಎಂಟಿಯಿಂದ ವಡಾಲಾವರೆಗೆ. ಅಲ್ಲಿಂದ ಒಂದು ಕವಲು ಕುರ್ಲಾ, ವಾಶಿ ಮೂಲಕ ಪನ್ವೇಲ್‌ಗೂ ಮತ್ತೊಂದು ಗೋರೆಗಾಂವ್‌ಗೂ ಸಾಗುತ್ತದೆ.
* ಟ್ರಾನ್ಸ್-ಹಾರ್ಬರ್ ಮಾರ್ಗ: ಠಾಣೆಯನ್ನು ನವಿ ಮುಂಬಯಿಯ ವಾಶಿ, ನೆರೂಳ್ ಮತ್ತು ಪನ್ವೇಲ್‌ಗಳೊಂದಿಗೆ ಜೋಡಿಸುತ್ತದೆ.
* ಉರಣ್ ಮಾರ್ಗ: ನೆರೂಳ್ ಮತ್ತು ಬೇಲಾಪುರಗಳಿಂದ ಉರಣ್‌ವರೆಗೆ, 2024ರ ಜನವರಿಯಲ್ಲಿ ಪೂರ್ಣವಾಗಿ ಆರಂಭಗೊಂಡಿತು.

ಸಂಪರ್ಕ ಮಾರ್ಗಗಳು

ಕಸಾರಾ ಮತ್ತು ಕರ್ಜತ್‌ಗಳು ಸಹ್ಯಾದ್ರಿಯ ಬುಡದಲ್ಲಿವೆ. ಇಲ್ಲಿಂದ ಕ್ರಮವಾಗಿ ಥಳ್ ಮತ್ತು ಭೋರ್ ಘಟ್ಟಗಳು ಆರಂಭವಾಗುತ್ತವೆ. ಲೋಕಲ್ ಸೇವೆ ಘಟ್ಟದ ಕೆಳಗೇ ಮುಗಿಯುತ್ತದೆ. ಘಟ್ಟವೇರುವ ದೂರದ ರೈಲುಗಳಿಗೆ ಹಿಂದಿನಿಂದ ತಳ್ಳುವ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸಲಾಗುತ್ತದೆ. ಭೋರ್ ಘಟ್ಟದ ಮಾರ್ಗವು ಪುಣೆ, ಸೊಲ್ಲಾಪುರಗಳ ಮೂಲಕ ಕಲಬುರಗಿ ಮತ್ತು ರಾಯಚೂರನ್ನು ತಲುಪುತ್ತದೆ.

ವಸಯಿ ರೋಡ್–ದಿವಾ–ಪನ್ವೇಲ್–ರೋಹಾ ಮಾರ್ಗವು ಮುಂಬಯಿ ನಗರವನ್ನು ಪ್ರವೇಶಿಸದೆ ಪಶ್ಚಿಮ ಮತ್ತು ಮಧ್ಯ ಮಾರ್ಗಗಳನ್ನು ಬೆಸೆಯುತ್ತದೆ. ರೋಹಾದಿಂದ ಮುಂದೆ ಮಂಗಳೂರಿನ ಸಮೀಪದ ತೋಕೂರಿನವರೆಗೆ 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆ ಇದೆ. ಮುಂಬಯಿಯಲ್ಲಿ ನೆಲೆಸಿರುವ ಕರಾವಳಿಯ ಕನ್ನಡಿಗರಿಗೂ ತುಳುವರಿಗೂ ಊರಿಗೆ ಹೋಗಲು ಇದು ಮುಖ್ಯ ಹಾದಿಯಾಗಿದೆ.

ಸೇವೆಗಳು

ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ರೈಲುಗಳನ್ನು "ಸ್ಲೋ" ಎಂದೂ, ಮುಖ್ಯ ನಿಲ್ದಾಣಗಳಲ್ಲಿ ಮಾತ್ರ ನಿಲ್ಲುವವುಗಳನ್ನು "ಫಾಸ್ಟ್" ಎಂದೂ ಕರೆಯುತ್ತಾರೆ. ಹೆಚ್ಚಿನ ರೈಲುಗಳು 12 ಬೋಗಿಗಳವು. ಕೆಲವು 15 ಬೋಗಿಗಳವು. ಮಹಿಳೆಯರಿಗೆ ಪ್ರತ್ಯೇಕ ಬೋಗಿಗಳಿದ್ದು, 1992ರಿಂದ ಮಹಿಳೆಯರಿಗಾಗಿಯೇ ಮೀಸಲಾದ ರೈಲುಗಳೂ ಓಡುತ್ತಿವೆ. ಮೊದಲ ಹವಾನಿಯಂತ್ರಿತ ಲೋಕಲ್ 2017ರ ಡಿಸೆಂಬರ್ 25ರಂದು ಪಶ್ಚಿಮ ಮಾರ್ಗದಲ್ಲಿ ಸೇವೆಗೆ ಬಂತು.

ದಟ್ಟಣೆ ಮತ್ತು ಸುರಕ್ಷತೆ

ಬೆಳಗ್ಗೆ ಮತ್ತು ಸಂಜೆಯ ಹೊತ್ತಿನಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನರು ನಿಂತು ಪ್ರಯಾಣಿಸುವುದುಂಟು. ಸಾಮಾನ್ಯ ಲೋಕಲ್‌ಗಳ ಬಾಗಿಲುಗಳು ಮುಚ್ಚಿಕೊಳ್ಳದ ಕಾರಣ ಅನೇಕರು ಬಾಗಿಲಲ್ಲಿ ಜೋತುಬಿದ್ದು ಸಾಗುತ್ತಾರೆ. ಹಳಿ ದಾಟುವಾಗ ಹಾಗೂ ರೈಲಿನಿಂದ ಬಿದ್ದು ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಜನರು ಸಾವನ್ನಪ್ಪುತ್ತಿದ್ದಾರೆ. 2006ರ ಜುಲೈ 11ರಂದು ಪಶ್ಚಿಮ ಮಾರ್ಗದ ಪ್ರಥಮ ದರ್ಜೆ ಬೋಗಿಗಳಲ್ಲಿ ನಡೆದ ಏಳು ಬಾಂಬ್ ಸ್ಫೋಟಗಳಲ್ಲಿ 180ಕ್ಕೂ ಹೆಚ್ಚು ಜನರು ಮೃತಪಟ್ಟರು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ (ಇಂದಿನ ಪ್ರಭಾದೇವಿ) ಕಿರಿದಾದ ಪಾದಚಾರಿ ಸೇತುವೆಯ ಮೇಲೆ ಉಂಟಾದ ನೂಕುನುಗ್ಗಲಿನಲ್ಲಿ 23 ಜನರು ಅಸುನೀಗಿದರು. 2025ರ ಜೂನ್ 9ರಂದು ಮುಂಬ್ರಾ ಸಮೀಪ ಕಿಕ್ಕಿರಿದ ರೈಲುಗಳಿಂದ ಪ್ರಯಾಣಿಕರು ಬಿದ್ದು ಮೃತಪಟ್ಟ ನಂತರ, ಹೊಸ ಲೋಕಲ್‌ಗಳಿಗೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅಳವಡಿಸುವುದಾಗಿ ರೈಲ್ವೆಯು ಪ್ರಕಟಿಸಿತು. ಗಾಳಿಯಾಡದ ಬೋಗಿಯಲ್ಲಿ ಉಸಿರುಗಟ್ಟುವುದನ್ನು ತಪ್ಪಿಸುವುದೇ ಈ ಬಾಗಿಲುಗಳ ವಿನ್ಯಾಸದಲ್ಲಿನ ಮುಖ್ಯ ಸವಾಲಾಗಿದೆ.